ಎದುರು ಬಾಲ್ಕನಿಯ ಬಿಸಿಲು

ಗಿರಣಿಯಮ್ಮನ ಕಿವಿ ಅಂತಿಂಥದ್ದಲ್ಲ. ಹಿಟ್ಟಿನ ಗಿರಣಿಯಲ್ಲಿ ವರ್ಷಗಟ್ಟಲೆ ದುಡಿದವಳು. ಯಂತ್ರಕ್ಕೆ ಬೆನ್ನು ಹಾಕಿ ನಿಂತರೂ ಒಳಗೆ ಬೀಳುತ್ತಿರುವುದು ಗೋಧಿಯೋ ಜೋಳವೋ, ಬೆಲ್ಟು ಸಡಿಲವಾಗಿದೆಯೋ ಕಲ್ಲು ಸವೆದಿದೆಯೋ, ಎಲ್ಲವನ್ನೂ ಸದ್ದಿನಲ್ಲೇ ಹೇಳಿಬಿಡುತ್ತಿದ್ದಳು. ಅಂಥ ಕಿವಿ ಈಗ ಹಿಂದಿನ ಕೋಣೆಯ ಮಂಚದ ಮೇಲೆ ಕೆಲಸವಿಲ್ಲದೆ ಬಿದ್ದಿತ್ತು. ಗಿರಣಿಯ ಮೆಟ್ಟಿಲ ಮೇಲೆ ಚೆಲ್ಲಿದ್ದ ಹಿಟ್ಟು ಕಾಣದೆ ಜಾರಿ ಸೊಂಟ ಮುರಿದುಕೊಂಡ ಮೇಲೆ ಅವಳ ಲೋಕವೆಂದರೆ ಒಂದು ಮಂಚ, ಒಂದು ಸ್ಟೂಲು, ಗೋಡೆಗೆ ಒರಗಿಸಿಟ್ಟ ವಾಕರು, ತಲೆಯ ಮೇಲಿನ ಫ್ಯಾನು. ಮೂಳೆ ಕೂಡಿದೆ, ಇನ್ನು ಎದ್ದು ಓಡಾಡಮ್ಮ ಎಂದು ಡಾಕ್ಟರು ಹೇಳಿಯಾಗಿತ್ತು. ಆದರೆ ವಾಕರು ಹಿಡಿದು ಎರಡು ಹೆಜ್ಜೆ ಇಟ್ಟಳೋ ಇಲ್ಲವೋ, ಆ ಮೆಟ್ಟಿಲು ಮತ್ತೆ ಕಾಲಡಿ ಜಾರಿದಂತಾಗುತ್ತಿತ್ತು. ತಿರುಗಿ ಬಂದು ಮಲಗಿಬಿಡುತ್ತಿದ್ದಳು.

ಮನೆಯೆಂದರೆ ರೈಲು ಡಬ್ಬಿ. ಬೀದಿಗೆ ಮುಖ ಮಾಡಿದ ಮುಂದಿನ ಕೋಣೆಯಲ್ಲಿ ಗಂಡನ ಸಲೂನು, ಅದರ ಹಿಂದೆ ನಡುಮನೆ, ಅದರ ಹಿಂದೆ ಇವಳ ಕೋಣೆ. ಈ ಕೋಣೆಗೆ ಕಿಟಕಿಯೇ ಇಲ್ಲ. ಬೇಸಿಗೆ ಬಂತೆಂದರೆ ಊಟದ ತಟ್ಟೆ ತೊಳೆದಿಡುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು, ಬಿಸಿಲು ಇಳಿಯುವವರೆಗೆ ಅದರ ಸುಳಿವಿರುತ್ತಿರಲಿಲ್ಲ. ಫ್ಯಾನು ಸುಸ್ತಾಗಿ ನಿಲ್ಲುವ ಆ ಕೊನೆಯ ಸುತ್ತುಗಳನ್ನು ಅವಳು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ಆಮೇಲೆ ಬೆವರು, ತುರಿಕೆ, ಹಾಸಿಗೆಗೆ ಅಂಟಿಕೊಳ್ಳುವ ಬೆನ್ನು.

ಆ ಬೆನ್ನನ್ನು ಅವಳ ಅಕ್ಕ ನೋಡಿಬಿಟ್ಟಳು. ಬೇರೆ ಊರಿನಿಂದ ಬಂದವಳು, ತಂಗಿಯ ರವಿಕೆ ಸರಿಸಿ ಕೆಂಪಗೆ ಎದ್ದ ಗುಳ್ಳೆಗಳನ್ನು ಕಂಡು ಬಾಯಿಗೆ ಸೆರಗು ಅಡ್ಡ ಹಿಡಿದಳು. ಕೂತಷ್ಟು ಹೊತ್ತೂ ಪೇಪರು ಮಡಚಿ ಗಾಳಿ ಹಾಕಿದಳು. ಅವಳು ಗಾಳಿ ಹಾಕುವ ರೀತಿಯೇ ಬೇರೆ: ಒಂದಷ್ಟು ಬಿರುಸಾಗಿ ಬೀಸುವುದು, ಮಾತು ನೆನಪಾದೊಡನೆ ಕೈ ನಿಲ್ಲಿಸಿ ಹೇಳಿ ಮುಗಿಸುವುದು, ನಿಂತದ್ದು ಗೊತ್ತಾಗಿ ಮತ್ತೆ ಬಿರುಸಾಗಿ ಬೀಸುವುದು. ಚಿಕ್ಕಂದಿನಲ್ಲಿ ತಂಗಿಗೆ ಜ್ವರ ಬಂದಾಗಲೂ ಪಾಠದ ಪುಸ್ತಕ ಹಿಡಿದು ಹೀಗೇ ಬೀಸಿದ್ದಳು.

ಅಕ್ಕನದು ಅನುಕೂಲಸ್ಥ ಮನೆ. ಸ್ವಂತ ತಾರಸಿ, ಅದರ ತುಂಬ ಸೋಲಾರು, ಕೆಳಗೆ ಅಲಮಾರು ಗಾತ್ರದ ಬ್ಯಾಟರಿ. ಕರೆಂಟು ಹೋದದ್ದನ್ನು ಅವರಿಗೆ ಪಕ್ಕದ ಮನೆಯವರು ಬಂದು ಹೇಳಬೇಕು. ಬೇಸಿಗೆಯ ಮಟ್ಟಿಗೆ ತಂಗಿಯನ್ನು ಕರೆದುಕೊಂಡು ಹೋಗುತ್ತೇನೆ, ಮುಂದಿನ ವಾರ ಕಾರು ತರುತ್ತೇನೆ ಎಂದಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ತಂಗಿಯ ಗಂಡನ ಕಡೆ ತಿರುಗಿ, "ಈ ಕೋಣೇಲಿ ಮಧ್ಯಾಹ್ನ ಫ್ಯಾನು ತಿರುಗೋದನ್ನ ನಂಗೆ ತೋರಿಸಿ. ಆಮೇಲೆ ನಾನು ಒಂದು ಮಾತೂ ಆಡಲ್ಲ" ಎಂದಳು.

ಬೇಸಿಗೆಯ ಮಟ್ಟಿಗೆ ಎಂದಳೇನೋ ನಿಜ. ಆದರೆ ತಂಗಿಯ ಸೀರೆಗಳಿಗೆಂದು ಅಲ್ಲಿ ಒಂದು ಬೀರು ಖಾಲಿ ಮಾಡಿಸಿದ್ದೇನೆ ಎಂಬುದೂ ಅವಳ ಬಾಯಿಂದಲೇ ಜಾರಿತ್ತು. ಬೇಸಿಗೆ ವರ್ಷ ವರ್ಷವೂ ಬರುವಂಥದ್ದು. ಗಂಡ ಆ ರಾತ್ರಿ ಅರ್ಧ ಊಟಕ್ಕೇ ತಟ್ಟೆ ಸರಿಸಿ ಎದ್ದ. ಗಿರಣಿಯಮ್ಮನಿಗೂ ಹೋಗಲು ಇಷ್ಟವಿರಲಿಲ್ಲ. ಯಾಕೆ ಇಷ್ಟವಿಲ್ಲ ಎಂದು ಅಕ್ಕ ಕೇಳಿದರೆ ಕೊಡಲು ಅವಳ ಹತ್ತಿರ ಉತ್ತರವೂ ಇರಲಿಲ್ಲ. ಅಲ್ಲಿ ಗಾಳಿ ಇದೆ, ಇಲ್ಲಿ ಇಲ್ಲ. ಅದರ ಮುಂದೆ ಯಾವ ವಾದ ನಿಂತೀತು?

ಗಂಡ ಮೊದಲು ಮನೆ ಮಾಲೀಕನ ಬಳಿಗೆ ಹೋದ. ಅವರ ತಲೆಯ ಮೇಲೇ, ಅದೇ ಕಟ್ಟಡದ ತಾರಸಿಯಲ್ಲಿ, ಸಬ್ಸಿಡಿಯಲ್ಲಿ ಹಾಕಿಸಿದ ಪ್ಯಾನೆಲ್ಲುಗಳು ಸಾಲಾಗಿ ಬಿಸಿಲು ಕಾಯಿಸುತ್ತ ಮಲಗಿದ್ದವು. ಅದರಿಂದ ಒಂದು ವೈರು ಕೆಳಗಿಳಿಸಿ ಎಂದು ಕೇಳಿದ. ಮಾಲೀಕ ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತಲೇ ಬಾಗಿಲು ತೆಗೆದಿದ್ದ. ಆ ಪ್ಯಾನೆಲ್ಲುಗಳ ಕರೆಂಟು ಹೋಗುವುದು ಬೀದಿಯ ಲೈನಿಗೆ. ಲೈನು ಸತ್ತರೆ ಅವೂ ಸತ್ತಂತೆ. ಬಿಲ್ಲು ಕಮ್ಮಿಯಾಗುತ್ತದೆ ಅಷ್ಟೇ, ನನಗೇ ಇಲ್ಲಿ ಬೇಯುತ್ತಿದೆ ಎಂದು ತನ್ನ ಗೋಳು ತೋಡಿಕೊಂಡ. ಹಾಗಾದರೆ ನಮ್ಮದೇ ಒಂದು ಪ್ಯಾನೆಲ್ಲು ಇಡಲು ಮೂಲೆ ಕೊಡಿ ಎಂದರೆ, ತಾರಸಿಯಲ್ಲಿ ಟವೆಲು ಒಣಹಾಕಲೂ ಜಾಗವಿಲ್ಲ, ಕಂಪನಿಯವರು ಬೇರೆ ವೈರು ಕಂಡರೆ ಗ್ಯಾರಂಟಿ ರದ್ದು ಮಾಡುತ್ತಾರೆ ಎಂದ. ಬಾಡಿಗೆಯವರಿಗೆ ಬೇರೆ ಯೋಜನೆ ಇದೆಯೇ ಎಂದು ಗಂಡ ಕರೆಂಟು ಆಫೀಸಿಗೂ ಹೋಗಿ ಬಂದ. ತಾರಸಿ ಇದ್ದವರಿಗೆ ಸಬ್ಸಿಡಿ, ತಾರಸಿ ಇಲ್ಲದವರಿಗೆ ಸಲಹೆ. ಸಲಹೆ ಪುಕ್ಕಟೆಯಾಗಿ ಕೊಟ್ಟರು.

ಸೋಲಾರು ಅಂಗಡಿಯವನು ಒಳ್ಳೆಯವನೇ. ಪ್ಯಾನೆಲ್ಲು ಈಗ ಮೊದಲಿನಷ್ಟು ದುಬಾರಿಯಲ್ಲ, ಜೀವ ತೆಗೆಯುವುದು ಬ್ಯಾಟರಿ ಎಂದ. ಬ್ಯಾಟರಿಯ ಬೆಲೆ ಕೇಳಿ ಗಂಡ ಜೇಬು ಮುಟ್ಟಿ ನೋಡಿಕೊಂಡ. ಊರಿನವರ ತಲೆಗೆ ಕತ್ತರಿ ಹಾಕುವವನ ಜೇಬಿಗೇ ಕತ್ತರಿ ಬೀಳುವ ಹೊತ್ತು. ಕೊನೆಗೆ ಬ್ಯಾಟರಿ ಬಿಟ್ಟು ಒಂದು ಸಣ್ಣ ಪ್ಯಾನೆಲ್ಲನ್ನೂ, ಅದಕ್ಕೆ ನೇರವಾಗಿ ಸಿಕ್ಕಿಸುವ ಪುಟ್ಟ ಫ್ಯಾನನ್ನೂ ತಂದ. ಬಿಸಿಲು ಬಿದ್ದಷ್ಟು ಹೊತ್ತು ತಿರುಗುತ್ತದೆ, ಬೀಳದಿದ್ದರೆ ಇಲ್ಲ. ಲೆಕ್ಕಾಚಾರ ಸರಿಯಾಗಿಯೇ ಇತ್ತು. ಮನೆಗೆ ತಂದು ಸಲೂನಿನ ಮುಂದಿನ ಕಟ್ಟೆಯ ಮೇಲೆ ನಿಲ್ಲಿಸಿದಾಗಲೇ ಅವನಿಗೆ ಹೊಳೆದದ್ದು, ಆ ಸಂದಿಯಂಥ ಬೀದಿಯ ನೆಲಕ್ಕೆ ಬಿಸಿಲೇ ಇಳಿಯುವುದಿಲ್ಲ ಎಂದು. ಇಷ್ಟು ವರ್ಷ ಅದೇ ಕಟ್ಟೆಯ ಮೇಲೆ ನೆರಳಿದೆಯೆಂದು ಕೂತು ಪೇಪರು ಓದಿದವನು ಅವನೇ.

ಎದುರು ಮನೆಗಳ ಮೇಲಿನ ಬಾಲ್ಕನಿಗಳಲ್ಲಿ ಮಾತ್ರ ಮಧ್ಯಾಹ್ನವೆಲ್ಲ ಬಿಸಿಲು ಸುರಿಯುತ್ತಿತ್ತು. ಪ್ಯಾನೆಲ್ಲನ್ನೇ ಅಲ್ಲಿಟ್ಟು ವೈರು ಎಳೆಯೋಣವೆಂದರೆ, ಬೀದಿಗೆ ಅಡ್ಡವಾಗಿ ಕಂಡ ವೈರನ್ನು ಲೈನ್‌ಮನ್ ಕೇಳದೆ ಕತ್ತರಿಸುತ್ತಾನೆ. ಗಂಡ ತಲೆಯ ಮೇಲೆ ಕೈ ಹೊತ್ತು ಕೂತ. ಕಟ್ಟೆಯ ಪ್ಯಾನೆಲ್ಲಿನಿಂದ ಒಳಗೆ ಎಳೆದ ವೈರಿನ ತುದಿಯಲ್ಲಿ, ಹಿಂದಿನ ಕೋಣೆಯಲ್ಲಿ ಪುಟ್ಟ ಫ್ಯಾನು ಸ್ಟೂಲಿನ ಮೇಲೆ ಗೊಂಬೆಯಂತೆ ಕೂತಿತ್ತು.

ಆಗ ಒಂದು ಮಧ್ಯಾಹ್ನ ಆ ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು.

ಗಿರಣಿಯಮ್ಮ ಅರೆನಿದ್ದೆಯಲ್ಲಿದ್ದಳು. ಕನಸಿನಲ್ಲಿ ಗಿರಣಿ ಶುರುವಾದ ಹಾಗೆ ಒಂದು ಸಣ್ಣ ಗುರ್ ಎಂಬ ಸದ್ದು. ಕಣ್ಣು ಬಿಟ್ಟು, "ರೀ, ಈಗ ಹೊರಗೆ ಏನಾಯ್ತು?" ಎಂದು ಕೂಗಿದಳು. ಏನೂ ಆಗಿಲ್ಲ ಎಂದು ಗಂಡ ಅಲ್ಲಿಂದಲೇ ಹೇಳಿದ. ಏನೋ ಆಗಿದೆ, ನೋಡಿ ಹೇಳಿ ಎಂದು ಇವಳು ಪಟ್ಟು ಬಿಡಲಿಲ್ಲ. ನೋಡಿದರೆ, ಎದುರು ಮನೆಯ ಮೊದಲ ಮಹಡಿಯಲ್ಲಿ ಬಟ್ಟೆ ಹೊಲಿಯುವಾಕೆ ಕಿಟಕಿಯ ಬಾಗಿಲು ತೆಗೆದು ಹಾಕುತ್ತಿದ್ದಳು. ಅದರ ಗಾಜಿನಿಂದ ಹಾರಿದ ಬಿಸಿಲಿನ ತುಂಡು ಬೀದಿ ದಾಟಿ ಬಂದು ಪ್ಯಾನೆಲ್ಲಿನ ಮೇಲೆ ಕೂತು ಹೋಗಿತ್ತು. ಗಂಡನ ಕೈಯಲ್ಲಿ ಗಿರಾಕಿಗೆ ತಲೆಯ ಹಿಂಭಾಗ ತೋರಿಸುವ ಕನ್ನಡಿಯಿತ್ತು. ಅದನ್ನೊಮ್ಮೆ ನೋಡಿದ, ಗೋಡೆಯ ದೊಡ್ಡ ಕನ್ನಡಿಯನ್ನೊಮ್ಮೆ ನೋಡಿದ. ಕುರ್ಚಿಯಲ್ಲಿದ್ದವನ ಅರ್ಧ ಮೀಸೆಯನ್ನು ಹಾಗೇ ಬಿಟ್ಟು ಎದುರು ಮನೆಯ ಮೆಟ್ಟಿಲು ಹತ್ತಿದ.

ಅವಳ ಮೇಲಿನ ಮಹಡಿಯಲ್ಲಿ ಕಂಡಕ್ಟರ್ ತಾತ ಇದ್ದ. ಬಸ್ಸಿನಲ್ಲಿ ನಿಂತೇ ಆಯುಷ್ಯ ಕಳೆದವನು, ನಿವೃತ್ತಿಯಾದ ಮೇಲೂ ಮಧ್ಯಾಹ್ನ ಕೂರಲು ಗೊತ್ತಿಲ್ಲದೆ ಬಾಲ್ಕನಿಯ ಕಂಬಿ ಹಿಡಿದು ನಿಲ್ಲುತ್ತಿದ್ದ. ವಿಷಯ ಕೇಳಿ ಅವನಿಗೆ ಎಲ್ಲಿಲ್ಲದ ಖುಷಿಯಾಯಿತು. ತರಕಾರಿ ಬುಟ್ಟಿ ಇಳಿಸುವ ಹಗ್ಗಕ್ಕೆ ಹಳೆಯ ಕಂಬಳಿ ಸುತ್ತಿದ ಸಲೂನಿನ ಕನ್ನಡಿಯನ್ನು ಕಟ್ಟಿ, ಬೀದಿಯೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿರುವಾಗ ಮೇಲಕ್ಕೆಳೆದರು. ತಾತ ಅದನ್ನು ಕಂಬಿಗೆ ಒರಗಿಸಿ ಆ ಕಡೆ ಈ ಕಡೆ ವಾಲಿಸಿದ. ಬೆಳಕಿನ ಚೌಕವೊಂದು ಗೋಡೆಯ ಮೇಲೆ ತೂರಾಡಿ, ಸೈಕಲ್ಲಿನ ಮೇಲೆ ಹತ್ತಿ ಇಳಿದು, ಪ್ಯಾನೆಲ್ಲಿನ ಮೇಲೆ ಬಂದು ನಿಂತಿತು. "ರೈಟ್!" ಎಂದು ತಾತ ಮೇಲಿನಿಂದ ಕೂಗಿದ. ಒಳಗೆ ಫ್ಯಾನು ತಿರುಗತೊಡಗಿತು.

ಸಲೂನಿನಲ್ಲಿ ಎರಡನೆಯ ಕುರ್ಚಿಯ ಮುಂದೆ ಬರಿ ಗೋಡೆ ಉಳಿಯಿತು. ಕನ್ನಡಿಯಿಲ್ಲದೆ ತಲೆ ಕೊಡಲು ಎಲ್ಲರೂ ಒಪ್ಪುವುದಿಲ್ಲ. ಕೆಲವರು ಮುಂದಿನ ಬೀದಿಯ ಅಂಗಡಿಗೆ ಹೋದರು. ಗಂಡ ಅದನ್ನು ಹೆಂಡತಿಗೆ ಹೇಳಲಿಲ್ಲ. ಕತ್ತರಿಯ ಸದ್ದು ಕಮ್ಮಿಯಾದದ್ದು ಅವಳಿಗೆ ಗೊತ್ತಾಗದೆ ಇರುತ್ತದೆಯೇ?

ಸೂರ್ಯ ಸುಮ್ಮನಿರುವ ಪೈಕಿಯಲ್ಲ. ಅವನು ಸರಿದಂತೆ ಕನ್ನಡಿಯನ್ನೂ ಹಿಡಿದು ಸರಿಸುತ್ತಿರಬೇಕು. ತಾತನಿಗೆ ತೂಕಡಿಕೆ ಬಂದರೆ ಕೆಳಗಿನ ಮಹಡಿಯ ಹೊಲಿಗೆಯಾಕೆ ಮೇಲೆ ಹೋಗಿ ಹಿಡಿಯುತ್ತಿದ್ದಳು. ಅವಳಿಗೆ ಕೆಲಸವಿದ್ದರೆ ಪಕ್ಕದ ಮನೆಯ ಟ್ಯೂಷನ್ ಟೀಚರು. ಗಿರಣಿಯಮ್ಮ ಇದ್ಯಾವುದನ್ನೂ ಕಣ್ಣಿಂದ ನೋಡಲಿಲ್ಲ. ಹಿಂದಿನ ಕೋಣೆಯ ನಸುಗತ್ತಲಲ್ಲಿ ಕಣ್ಣು ಮುಚ್ಚಿ ಮಲಗಿ ಫ್ಯಾನಿನ ಸದ್ದು ಕೇಳಿದಳು, ಅಷ್ಟೇ. ಕೇಳುತ್ತ ಕೇಳುತ್ತ ಆ ಕಿವಿಗೆ ಮತ್ತೆ ಕೆಲಸ ಸಿಕ್ಕಿತು.

ತಾತನ ಗಾಳಿ ಸ್ವಲ್ಪ ಓಲಾಡುವ ಗಾಳಿ, ಬಸ್ಸು ತಿರುವಿನಲ್ಲಿ ವಾಲುವಂತೆ ಒಮ್ಮೆ ಏರಿ ಒಮ್ಮೆ ಇಳಿಯುತ್ತಿತ್ತು. ಹೊಲಿಗೆಯಾಕೆಯ ಗಾಳಿ ಸಣ್ಣ ಸಣ್ಣ ಹೊಲಿಗೆ ಹಾಕಿದಂತೆ ಒಂದೇ ಸಮ ಅದುರುತ್ತಿತ್ತು, ಪಾಪ, ಅವಳಿಗೆ ಮೊಣಕೈ ನೋವು. ಟೀಚರು ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ಪುಸ್ತಕ ಹಿಡಿಯುತ್ತಿದ್ದಳೆಂದು ಕಾಣುತ್ತದೆ. ಗಾಳಿ ಮೆಲ್ಲಗೆ ಸಣ್ಣಗಾಗುತ್ತ ಹೋಗಿ, ಪುಟ ಮುಗಿದಾಗ ತಟ್ಟನೆ ಜೋರಾಗುತ್ತಿತ್ತು. ಗಿರಣಿಯಮ್ಮ ಆ ಗಾಳಿಯಲ್ಲಿ ತೇಲಿದಳು. ಎಚ್ಚರವೋ ನಿದ್ದೆಯೋ ತಿಳಿಯದ ಆ ಹೊತ್ತಿನಲ್ಲಿ ಕೋಣೆಗೆ ಗೋಡೆಗಳೇ ಇಲ್ಲವೆನಿಸುತ್ತಿತ್ತು. ಎಲ್ಲರೂ ಅವಳ ಮಂಚದ ಸುತ್ತ ನಿಂತಿದ್ದಾರೆ, ಯಾರೂ ಮಾತಾಡುತ್ತಿಲ್ಲ, ಸೂರ್ಯನನ್ನು ಒಬ್ಬರ ಕೈಯಿಂದ ಒಬ್ಬರು ಇಸಿದುಕೊಳ್ಳುತ್ತಿದ್ದಾರೆ. ಮಗುವನ್ನು ಎತ್ತಿಕೊಳ್ಳಲು ಕೊಟ್ಟು ತೆಗೆದುಕೊಂಡ ಹಾಗೆ ಜೋಪಾನವಾಗಿ.

ಸಲೂನಿಗೆ ರಜೆಯಿದ್ದ ದಿನ ಗಾಳಿ ಬದಲಾಯಿತು. ಓಲಾಟವಿಲ್ಲ, ಅದುರಾಟವಿಲ್ಲ, ನೂಲು ಎಳೆದಂತೆ ಒಂದೇ ನೇರ. ಇದು ಯಾರ ಕೈ ಎಂದು ಅವಳು ಯೋಚಿಸಬೇಕಾಗಲಿಲ್ಲ. ಜನರ ಗಂಟಲ ಮೇಲೆ ಕತ್ತಿಯಿಟ್ಟು ಕೂದಲೆಳೆಯಷ್ಟೂ ನಡುಗದ ಕೈ ಅದು. ಮದುವೆಯಾದಾಗಿನಿಂದ ಅವನು ತನ್ನನ್ನು ಎಷ್ಟು ಇಷ್ಟಪಡುತ್ತಾನೆಂದು ಬಾಯಿಬಿಟ್ಟು ಹೇಳಿದವನಲ್ಲ. ಹೇಳಿದ್ದರೂ ಇಷ್ಟು ಸ್ಪಷ್ಟವಾಗಿ ಹೇಳುತ್ತಿರಲಿಲ್ಲ ಎಂದು ಅವಳಿಗನ್ನಿಸಿತು. ಆ ಮಧ್ಯಾಹ್ನ ಅವಳಿಗೆ, ಮೆಟ್ಟಿಲಲ್ಲಿ ಜಾರಿ ಬಿದ್ದಂದಿನಿಂದ ಬಾರದಿದ್ದಂಥ ನಿದ್ದೆ ಬಂತು.

ಅಕ್ಕ ಹೇಳಿದ ದಿನವೇ ಕಾರು ತಂದಳು. ಗಂಡ ಕಂಡಕ್ಟರ್ ತಾತನಿಗೆ ಒಂದು ಮಾತು, ಇವಳ ಅಕ್ಕ ಕರೆದೊಯ್ಯಲು ಬಂದಿದ್ದಾಳೆ, ಇವತ್ತು ಸ್ವಲ್ಪ ಗಟ್ಟಿಯಾಗಿ ಹಿಡಿ ಎಂದು ಹೇಳಿದ್ದನಷ್ಟೇ. ತಾತನ ಬಾಯಲ್ಲಿ ಮಾತು ನಿಲ್ಲುವುದುಂಟೇ? ಮಧ್ಯಾಹ್ನದೊಳಗೆ ಬೀದಿಗೆ ಬೀದಿಯೇ ಸುದ್ದಿ. ಗಿರಣಿಯಮ್ಮನನ್ನು ಕರೆದುಕೊಂಡು ಹೋಗಲು ಬಂದಿದ್ದಾರೆ, ಫ್ಯಾನು ತಿರುಗಿದರೆ ಬಿಟ್ಟು ಹೋಗುತ್ತಾರೆ.

ಕರೆಂಟು ಹೋಯಿತು. ಅಕ್ಕ ಮಂಚದ ಅಂಚಿನಲ್ಲಿ ಪೇಪರು ಮಡಚಿಕೊಂಡು ಸಿದ್ಧವಾಗಿ ಕೂತಿದ್ದಳು. ಪುಟ್ಟ ಫ್ಯಾನು ಓಲಾಡುತ್ತ ತಿರುಗತೊಡಗಿತು, ತಾತನ ಕೈ. ಅಕ್ಕನ ಬಿಗಿದ ಮುಖ ಸಡಿಲವಾಯಿತು. ಇಲ್ಲಿಗೇ ನಿಂತಿದ್ದರೆ ಸಾಕಿತ್ತು. ಆದರೆ ಒಳ್ಳೆಯ ಮನಸ್ಸಿನವರಿಗೆ ಸಾಕು ಎಂಬುದು ಗೊತ್ತಾಗುವುದಿಲ್ಲವಲ್ಲ. ಹೊಲಿಗೆಯಾಕೆ ತನ್ನ ಟ್ರಯಲ್ ಕನ್ನಡಿಯನ್ನು ಕಿಟಕಿಗೆ ತಂದಳು. ಟೀಚರು ಡ್ರೆಸಿಂಗ್ ಟೇಬಲ್ಲಿನ ಕನ್ನಡಿ ಹೊರತಂದಳು. ಮನೆ ಮಾಲೀಕ ಕನ್ನಡಿ ಕೂರಿಸಿದ ಬೀರುವಿನ ಬಾಗಿಲನ್ನೇ ಸ್ಕ್ರೂ ಬಿಚ್ಚಿ ಹೊತ್ತುಕೊಂಡು ಬೀದಿ ದಾಟಿ ಎದುರು ಮನೆಯ ಮೆಟ್ಟಿಲು ಹತ್ತಿದ. ಸ್ಟೀಲು ತಟ್ಟೆ ಉಜ್ಜಿ ತಂದವರೂ ಇದ್ದರು. ಗಂಡ ಕಟ್ಟೆಯ ಮೇಲೆ ನಿಂತು, ಮೇಲೆ, ಕೆಳಗೆ, ಎಡಕ್ಕೆ ಎಂದು ಎಲ್ಲರಿಗೂ ಕೈ ಮಾಡುತ್ತ ಮೈಮರೆತಿದ್ದ. ಎಷ್ಟೋ ಬಿಸಿಲುಗಳು ಒಂದರ ಮೇಲೊಂದು ಬಂದು ಆ ಸಣ್ಣ ಪ್ಯಾನೆಲ್ಲಿನ ಮೇಲೆ ಬಿದ್ದವು.

ಒಳಗೆ ಗಾಳಿ ಎದ್ದಿತು. ಅಕ್ಕನ ಕೈಯ ಪೇಪರು ಹಾರಿ ಗೋಡೆಗೆ ಅಂಟಿತು, ಮುಂಗುರುಳು ಕಣ್ಣಿಗೆ ಬಿತ್ತು. ಅವಳು ಚಿಕ್ಕ ಹುಡುಗಿಯ ಹಾಗೆ ನಕ್ಕಳು. ಗಿರಣಿಯಮ್ಮ ನಗಲಿಲ್ಲ. ಅವಳ ಕಿವಿ ನಿಮಿರಿತ್ತು. ಸದ್ದು ಏರುತ್ತಿತ್ತು, ಅದರೊಳಗೆ ಇನ್ನೊಂದು ಸಣ್ಣ ಕೀರಲು ಸದ್ದು ಹುಟ್ಟಿತ್ತು. ಕಾಳು ಮುಗಿದರೂ ಗಿರಣಿ ಓಡುತ್ತಿದ್ದರೆ ಕಲ್ಲಿಗೆ ಕಲ್ಲು ತಾಗಿ ಬರುವಂಥ ಸದ್ದು.

"ಅಕ್ಕ, ಸಾಕು ಅಂತ ಹೇಳು ಅವರಿಗೆ. ಮೋಟಾರು ಸುಟ್ಟು ಹೋಗುತ್ತೆ."

ಅಕ್ಕ ಎದ್ದು ಬಾಗಿಲವರೆಗೆ ಹೋಗಿ ಕೂಗಿದಳು. ಹೊರಗಿನ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಕೀರಲು ಇನ್ನೂ ತೆಳ್ಳಗಾಯಿತು. ಗಿರಣಿಯಮ್ಮನಿಗೆ ತಡೆಯಲಾಗಲಿಲ್ಲ. ಓಡುತ್ತಿರುವ ಯಂತ್ರ ಕಣ್ಣೆದುರು ಹಾಳಾಗುವುದನ್ನು ಅವಳು ಜೀವಮಾನದಲ್ಲಿ ಸಹಿಸಿದವಳಲ್ಲ. ಕೈ ತಾನಾಗಿ ವಾಕರಿಗೆ ಹೋಯಿತು. ಹೊಸ್ತಿಲು ದಾಟಿದಳು. ನಡುಮನೆಯಲ್ಲಿ ಆ ಹಾಳು ಮೆಟ್ಟಿಲು ಮತ್ತೆ ಕಾಲಡಿ ಬಂತು, ಜಾರಿತು, ಆದರೆ ಬೆನ್ನ ಹಿಂದೆ ಫ್ಯಾನು ಕಿರುಚುತ್ತಿತ್ತಲ್ಲ, ಮೆಟ್ಟಿಲಿಗೆ ಹೆದರಲು ಪುರುಸೊತ್ತೇ ಇರಲಿಲ್ಲ. ಅಕ್ಕ ತೋಳು ಹಿಡಿಯಲು ಬಂದಳು. ಬಿಡು ಎಂದು ಅವಳನ್ನು ದಾಟಿ, ಗೋಡೆಯ ಬರಿ ಜಾಗದ ಮುಂದಿನ ಕುರ್ಚಿಯನ್ನು ಬಳಸಿಕೊಂಡು ಸಲೂನಿನ ಬಾಗಿಲಿಗೆ ಬಂದು ನಿಂತಳು.

ಅದೇ ಹೊತ್ತಿಗೆ ಒಳಗೆ ಟಪ್ ಎಂದಿತು. ಸುಟ್ಟ ವಾಸನೆ ಬಂತು.

ಹೊರಗೆ ಬೀದಿ ಝಗಝಗಿಸುತ್ತಿತ್ತು. ಇಷ್ಟು ದಿನ ನೆರಳಿನಲ್ಲೇ ಹಳೆಯದಾಗಿದ್ದ ಗೋಡೆಗಳ ಮೇಲೆಲ್ಲ ಬೆಳಕಿನ ಚೌಕಗಳು, ದುಂಡುಗಳು ಅಲುಗಾಡುತ್ತಿದ್ದವು. ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದಳು. ಒಂದೊಂದು ಬಾಲ್ಕನಿಯಲ್ಲೂ ಒಂದೊಂದು ಸೂರ್ಯ, ಒಂದೊಂದು ಸೂರ್ಯನ ಹಿಂದೆ ಒಬ್ಬೊಬ್ಬರು ಬೆವರು ಸುರಿಸುತ್ತ ನಿಂತಿದ್ದರು. ಅವಳನ್ನು ಬಾಗಿಲಲ್ಲಿ ಕಂಡು ಒಬ್ಬೊಬ್ಬರಾಗಿ ಕನ್ನಡಿ ಇಳಿಸಿದರು. ಗಂಡ ತಿರುಗಿ ನೋಡಿದವನು ಕಟ್ಟೆಯ ಮೇಲೆ ಹಾಗೇ ಕೂತುಬಿಟ್ಟ. ಫ್ಯಾನು ನಿಂತದ್ದಕ್ಕೋ ಹೆಂಡತಿ ನಿಂತದ್ದಕ್ಕೋ, ಅವನ ಕಣ್ಣು ತುಂಬಿತ್ತು.

ಅಕ್ಕ ಮೊದಲು ಚೇತರಿಸಿಕೊಂಡಳು. ಫ್ಯಾನು ಸುಟ್ಟಿತು, ಪಾಪ, ಯಾರ ತಪ್ಪೂ ಅಲ್ಲ, ಕಾರು ನಿಂತಿದೆ, ಹೋಗೋಣ ಎಂದಳು. ಅವಳ ದನಿಯಲ್ಲಿ ಗೆದ್ದ ಭಾವವೇನೂ ಇರಲಿಲ್ಲ, ಬರಿ ಅಕ್ಕರೆಯಿತ್ತು. ಗಿರಣಿಯಮ್ಮನಿಗೆ ಈಗ ಉತ್ತರ ಸಿಕ್ಕಿತ್ತು.

"ನಿನ್ನ ಮನೇಲಿ ಗಾಳಿ ಜಾಸ್ತಿ ಅಕ್ಕ, ಇಲ್ಲ ಅನ್ನಲ್ಲ. ಆದರೆ ಅದನ್ನ ಯಾರು ಬೀಸ್ತಿದಾರೆ ಅಂತ ಗೊತ್ತಾಗಲ್ಲ. ಇಲ್ಲಿ ನಂಗೆ ಒಬ್ಬೊಬ್ಬರದೂ ಗೊತ್ತಾಗುತ್ತೆ."

ಅಕ್ಕ ತಲೆಯೆತ್ತಿ ಬಾಲ್ಕನಿಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಮೂಗು ಒರೆಸಿಕೊಂಡು, ಸರಿ, ಹಾಗಾದರೆ ಬ್ಯಾಟರಿಯನ್ನಾದರೂ ನಾನು ಕೊಡಿಸುತ್ತೇನೆ, ಬೇಡ ಎನ್ನಬೇಡ ಎಂದಳು. ಗಿರಣಿಯಮ್ಮ ಬೇಡ ಎನ್ನುವಷ್ಟು ದಡ್ಡಿಯಲ್ಲ. "ಕೊಡಿಸು, ರಾತ್ರಿಗೆ ಬೇಕು. ಮಧ್ಯಾಹ್ನ ಇವರೇ ಇರ್ಲಿ" ಎಂದಳು.

ಕಾರು ಅಂದು ಖಾಲಿಯಾಗಿ ಹೋಯಿತು, ಅಕ್ಕ ಉಳಿದುಕೊಂಡಳು. ಗಂಡ ಸಲೂನಿನ ಹಳೆಯ ಹೇರ್ ಡ್ರೈಯರು ಬಿಚ್ಚಿ, ಅದರ ಮೋಟಾರಿಗೆ ಸುಟ್ಟ ಫ್ಯಾನಿನ ರೆಕ್ಕೆ ಕೂರಿಸಿ, ಹೆಂಡತಿಯ ಕಿವಿಯ ಬಳಿ ಹಿಡಿದು ಸರಿಯಿದೆಯೇ ಎಂದು ಕೇಳಿದ. ಒಂದು ತೊಟ್ಟು ಎಣ್ಣೆ ಬಿಡಿ ಎಂದಳು. ಬಿಟ್ಟ.

ಮರುದಿನ ಕರೆಂಟು ಹೋದ ಮೇಲೆ ಗಿರಣಿಯಮ್ಮ ಮಂಚದ ಮೇಲೆ ಕಣ್ಣು ಮುಚ್ಚಿ ಕಾದಳು. ಹೊರಗಿನಿಂದ "ರೈಟ್!" ಕೇಳಿಸಿತು. ಫ್ಯಾನು ತಿರುಗಿತು. ಆದರೆ ಇದು ತಾತನ ಓಲಾಟವಲ್ಲ, ಹೊಲಿಗೆಯಾಕೆಯ ನಡುಕವಲ್ಲ, ಕತ್ತಿ ಹಿಡಿದ ಕೈಯೂ ಅಲ್ಲ. ಒಂದಷ್ಟು ಬಿರುಸಾಗಿ ತಿರುಗಿತು, ಇದ್ದಕ್ಕಿದ್ದಂತೆ ನಿಂತಿತು, ಮತ್ತೆ ಬಿರುಸಾಗಿ ತಿರುಗಿತು. ಗಿರಣಿಯಮ್ಮನ ಮೈಯ ಮೇಲೆ ಎಷ್ಟೋ ವರ್ಷದ ಹಿಂದಿನ ಜ್ವರ ಬಂದು ಹೋದಂತಾಯಿತು, ಮೂಗಿಗೆ ಪಾಠದ ಪುಸ್ತಕದ ವಾಸನೆ ಹತ್ತಿತು. ಗಾಳಿ ಮತ್ತೆ ನಿಂತಿತು. ಈ ಸಲ ನಿಂತದ್ದು ನಿಂತೇ ಇತ್ತು. ಮೇಲೆ ಅಕ್ಕನಿಗೆ ಮಾತಾಡಲು ಕಂಡಕ್ಟರ್ ತಾತ ಸಿಕ್ಕಿದ್ದಾನೆ, ಇನ್ನು ಮುಗಿಯಿತು ಕಥೆ.

ಅವಳು ನಗುತ್ತಲೇ ಎದ್ದು ವಾಕರು ಹಿಡಿದಳು. ನಡುಮನೆ ದಾಟಿ, ಸಲೂನು ದಾಟಿ, ಬಾಗಿಲಿಗೆ ಹೋಗಿ ಮೇಲೆ ನೋಡಿ ಕೂಗಿದಳು.

"ಅಕ್ಕಾ, ಮಾತು ಆಮೇಲೆ ಆಡುವೆಯಂತೆ, ಮೊದಲು ಕನ್ನಡಿ ಸರಿಯಾಗಿ ಹಿಡಿ."